ಚೋಮನ ದುಡಿಯ ನಡುವೆ ಸಾಲದ ಜಾಹೀರಾತು: ಸಿನಿಮಾ ವಿಷಯ ನೋಡಿಕೊಳ್ಳುವ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಇದು ನನ್ನ ನಾಲ್ಕನೇ ಪತ್ರ. ಮೊದಲ ಮೂರನ್ನು ಲಕೋಟೆಗೆ ಹಾಕಿ, ಸ್ಟಾಂಪ್ ಅಂಟಿಸಿ, ಮರ್ಯಾದೆಯಾಗಿ ಬೆಂಗಳೂರಿಗೆ ಕಳಿಸಿದ್ದೆ. ಒಂದಕ್ಕೆ ಮಾತ್ರ ಉತ್ತರ ಬಂತು. ಮನವಿಯನ್ನು ಮುಂದಿನ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ರವಾನಿಸಲಾಗಿದೆಯಂತೆ. ಸಂಬಂಧಪಟ್ಟವರು ಯಾರು ಅಂತ ಮಾತ್ರ ಬರೆದಿರಲಿಲ್ಲ. ಅದಕ್ಕೇ ಈ ಸಲ ಲಕೋಟೆ ಬೇಡ ಅಂದುಕೊಂಡೆ. ಎಲ್ಲರೂ ಓದಲಿ. ಸಂಬಂಧಪಟ್ಟವರು ಇವರಲ್ಲೇ ಯಾರಾದರೂ ಇದ್ದರೂ ಇರಬಹುದು.

ನಾನು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನ ಕನ್ನಡ ಮೇಷ್ಟ್ರು. ನನ್ನ ಬೇಡಿಕೆ ಒಂದೇ. ನಮ್ಮ ಪುಸ್ತಕಗಳಿಂದ, ನಮ್ಮ ಪುರಾಣಗಳಿಂದ ಆದ ಕನ್ನಡ ಸಿನಿಮಾಗಳನ್ನು ನಮಗೆ ನೋಡೋಕೆ ಕೊಡಿ. ನೆಟ್ಟಗಿರುವ ಕಾಪಿ ಕೊಡಿ. ಅಷ್ಟೇ.

ಏನಾಯಿತು ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಕೇಳಿ.

ಹೋದ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಕೂತು ಶಿವರಾಮ ಕಾರಂತರ 'ಚೋಮನ ದುಡಿ' ಓದಿದೆ. ಸಿಲಬಸ್ಸಿನಲ್ಲಿ ಇದ್ದದ್ದಲ್ಲ, ಸುಮ್ನೆ ನನ್ನ ಹುಚ್ಚು. ಆರು ಶನಿವಾರ ಹಿಡಿಯಿತು. 1933ರ ಕಾದಂಬರಿ ಅಂದಾಗ ಹಿಂದಿನ ಬೆಂಚಿನಿಂದ 'ನಮ್ಮಜ್ಜಿಗಿಂತ ಹಳೇದು ಸಾರ್' ಅಂತ ಒಂದು ದನಿ ಬಂತು. ಆದರೆ ದಲಿತ ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುವ ಭಾಗಕ್ಕೆ ಬಂದಾಗ ಆ ಬೆಂಚೂ ಸುಮ್ಮನಾಯಿತು. ಮುಟ್ಟಬಾರದು ಅಂತ ದಡದಲ್ಲಿ ನಿಂತೇ ಇದ್ದರಲ್ಲ, ಅವರ ಮೇಲೆ ಮಕ್ಕಳಿಗೆ ಬಂದ ಸಿಟ್ಟನ್ನು ನೀವು ನೋಡಬೇಕಿತ್ತು.

ಮುಗಿಸಿದ ಮೇಲೆ 'ಇದು ಸಿನಿಮಾ ಆಗಿದೆ' ಅಂದುಬಿಟ್ಟೆ. ಅದೇ ನಾನು ಮಾಡಿದ ತಪ್ಪು. ಬಿ.ವಿ. ಕಾರಂತರು 1975ರಲ್ಲಿ ಮಾಡಿದ್ದು, ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣ ಕಮಲ ಬಂದಿದೆ, ಚೋಮ ಆಗಿದ್ದ ವಾಸುದೇವ ರಾವ್ ಅವರಿಗೆ ಅತ್ಯುತ್ತಮ ನಟ ಅಂತ ರಾಷ್ಟ್ರಪ್ರಶಸ್ತಿ ಬಂದಿದೆ ಅಂತ ಜಂಬದಿಂದ ಹೇಳಿದೆ. 'ತೋರ್ಸಿ ಸಾರ್' ಅಂದರು.

ತೋರಿಸುವುದು ಎಲ್ಲಿಂದ? ಎರಡು ತಿಂಗಳು ಹುಡುಕಿದೆ. ಶಿವಮೊಗ್ಗದ ಡಿವಿಡಿ ಅಂಗಡಿ ಮುಚ್ಚಿ ಮೊಬೈಲ್ ಕವರ್ ಅಂಗಡಿ ಆಗಿತ್ತು. ಒಂದು ಕಚೇರಿಗೆ ಫೋನ್ ಮಾಡಿದರೆ ಇನ್ನೊಂದು ಕಚೇರಿಯ ನಂಬರ್ ಕೊಟ್ಟರು. ಅಲ್ಲಿಯವರು ಮತ್ತೆ ಮೊದಲನೆಯ ಕಚೇರಿಯ ನಂಬರನ್ನೇ ಕೊಟ್ಟರು. 'ತಬರನ ಕಥೆ'ಯ ತಬರ ಪೆನ್ಷನ್ನಿಗೆ ಅಲೆಯುತ್ತಾನಲ್ಲ, ಹಾಗೆ ಅಲೆದೆ. (ಅಂದ ಹಾಗೆ ಆ ಸಿನಿಮಾದ ಒಳ್ಳೆ ಕಾಪಿ ಇದೆಯಾ ಅಂತಲೂ ಅದೇ ಫೋನಿನಲ್ಲಿ ಕೇಳಿದ್ದೆ. 'ಯಾವ ತಬರ?' ಅಂದರು.)

ಕೊನೆಗೆ ಇಂಟರ್ನೆಟ್ಟಿನಲ್ಲಿ ಯಾರೋ ಹಾಕಿದ್ದ ಕಾಪಿ ಸಿಕ್ಕಿತು. ಫೋಟೋ ಸ್ಟುಡಿಯೋದವರ ಪ್ರೊಜೆಕ್ಟರ್ ಬೇಡಿ ತಂದೆ. ನನ್ನ ಬಿಳಿ ಪಂಚೆಯೇ ಪರದೆ. ಕಿಟಕಿಗೆ ಹಳೇ ಚುನಾವಣೆಯ ಫ್ಲೆಕ್ಸ್ ಕಟ್ಟಿದೆವು, ಅದರಲ್ಲಿದ್ದ ಮುಖ ಯಾರದ್ದು ಅಂತ ಹೇಳುವುದಿಲ್ಲ. ಸಿಗ್ನಲ್ ಸಿಗುವುದು ಮೂಲೆಯ ಕಿಟಕಿಯಲ್ಲಿ ಮಾತ್ರ. ಅಲ್ಲಿ ಒಬ್ಬ ಹುಡುಗ ನನ್ನ ಫೋನನ್ನು ಎತ್ತಿ ಹಿಡಿದು ನಿಂತ. 46 ಮಕ್ಕಳು, ಎರಡು ಸೇರು ಮಂಡಕ್ಕಿ.

ಕಪ್ಪು ಬಿಳುಪು ಸಿನಿಮಾ. ಆದರೆ ಆ ಕಾಪಿಯಲ್ಲಿ ಕಪ್ಪೂ ಇಲ್ಲ, ಬಿಳುಪೂ ಇಲ್ಲ, ಎಲ್ಲ ಗಂಜಿ ಬಣ್ಣ. ಯಾವುದೋ ಚಾನೆಲ್‌ನ ಹಸಿರು ಲೋಗೋ ಚೋಮನ ಹಣೆಯ ಮೇಲೆ ಕೂತಿತ್ತು. ಮಾತು ಅರ್ಧಕ್ಕರ್ಧ ಕೇಳುತ್ತಿರಲಿಲ್ಲ, ನಡುನಡುವೆ ನಾನೇ ಡೈಲಾಗ್ ಹೇಳಿದೆ. ಆದರೂ ಮಕ್ಕಳು ಅಲ್ಲಾಡದೆ ಕೂತಿದ್ದರು.

ಕೊನೆಯ ದೃಶ್ಯ ಬಂತು. ಮಕ್ಕಳನ್ನೂ ಎತ್ತುಗಳನ್ನೂ ಕಳಕೊಂಡ ಚೋಮ ಗುಡಿಸಿಲಿನ ಬಾಗಿಲು ಹಾಕಿಕೊಂಡು ದುಡಿ ಬಾರಿಸಲು ಶುರು ಮಾಡಿದ. ಡಬಡಬ ಅಂತ ಏರುತ್ತಾ ಹೋಯಿತು. ಒಂದು ಹುಡುಗಿ ಲಂಗದ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆಗ ಪರದೆ ಹಳದಿ ಆಯಿತು. ಹಳದಿ ಶರ್ಟಿನವನೊಬ್ಬ ಕುಣಿಯುತ್ತಾ ಬಂದ. ಪ್ಯಾನ್ ಕಾರ್ಡ್ ಇದ್ದರೆ ಸಾಕಂತೆ, ಐದೇ ನಿಮಿಷದಲ್ಲಿ ಸಾಲವಂತೆ!

ಫೋನ್ ಹಿಡಿದಿದ್ದ ಹುಡುಗ ಗಾಬರಿಯಾಗಿ ಎಲ್ಲೆಲ್ಲೋ ಒತ್ತಿದ. ಸ್ಕಿಪ್ ಆಗಲಿಲ್ಲ. ಪೂರ್ತಿ ಮೂವತ್ತು ಸೆಕೆಂಡು ಆ ಮನುಷ್ಯ ನನ್ನ ಪಂಚೆಯ ಮೇಲೆ ಕುಣಿದ. ಮಕ್ಕಳು ನಕ್ಕರು. ನಗದೆ ಏನು ಮಾಡುತ್ತಾರೆ ಪಾಪ. ಒಬ್ಬ ಕೇಳಿಯೇಬಿಟ್ಟ: 'ಸಾರ್, ಚೋಮನ ಹತ್ರ ಈ ಆಪ್ ಇದ್ದಿದ್ರೆ ತೋಟದ ಸಾಲ ತೀರ್ತಿತ್ತಲ್ವಾ?'

ನಾಲ್ಕು ಕಾಸಿನ ಸಾಲಕ್ಕೆ ಮಕ್ಕಳನ್ನು ಕಾಫಿ ತೋಟಕ್ಕೆ ಕಳಿಸಿ ಕಳಕೊಂಡವನ ಕಥೆ ಅದು ಸ್ವಾಮಿ. ಅವನು ಸಾಯುವ ಹೊತ್ತಿಗೆ ಸಾಲದ ಜಾಹೀರಾತು. ಜಾಹೀರಾತು ಮುಗಿಯಿತು, ನೆಟ್‌ವರ್ಕ್ ಹೋಯಿತು. ದುಡಿ ನಿಂತದ್ದು ಆ ಮಕ್ಕಳು ಇವತ್ತಿಗೂ ನೋಡಿಲ್ಲ.

ಇಷ್ಟಕ್ಕೆಲ್ಲ ಸಚಿವರಿಗೆ ಪತ್ರ ಬರೆಯುತ್ತಾರಾ ಅಂತ ನನ್ನ ಹೆಂಡತಿಯೂ ಕೇಳಿದಳು. ಬರೆಯುತ್ತಾರೆ. ಯಾಕೆಂದರೆ ಇದು ಒಂದು ಸಿನಿಮಾದ ಕಥೆ ಅಲ್ಲ.

ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ, ತಬರನ ಕಥೆ, ದ್ವೀಪ. ಐದೂ ಸ್ವರ್ಣ ಕಮಲ ಪಡೆದವು. ಐದೂ ಪುಸ್ತಕದಿಂದ ಬಂದವು: ಅನಂತಮೂರ್ತಿ, ಕಾರಂತ, ತೇಜಸ್ವಿ, ನಾ. ಡಿಸೋಜ. ಕನ್ನಡ ಸಿನಿಮಾ ಅಂದರೇನು ಅಂತ ವೇದಿಕೆಯಲ್ಲಿ ಭಾಷಣ ಮಾಡುವಾಗ ನಿಮ್ಮವರೆಲ್ಲ ಇವುಗಳ ಹೆಸರನ್ನೇ ಹೇಳುತ್ತಾರೆ. ಹೆಸರು ಹೇಳಲು ಇವೆ, ನೋಡಲು ಮಾತ್ರ ನನ್ನ ಪಂಚೆ ಮತ್ತು ಹಳದಿ ಶರ್ಟಿನವನು. ನಮಗೆ ನೋಡೋಕೆ ಕೊಡಿ.

ಇನ್ನೊಂದು ಸಂಗತಿ. ನಾವು ಓದುವವರು, ಸಿನಿಮಾ ನೋಡುವವರು, ಜಗಳಗಂಟರು. ಪುಸ್ತಕ ಹೆಚ್ಚೋ ಸಿನಿಮಾ ಹೆಚ್ಚೋ ಅನ್ನುವ ಜಗಳ ನಮ್ಮ ಸ್ಟಾಫ್ ರೂಮಿನಲ್ಲಿ ವಾರಕ್ಕೊಮ್ಮೆ ಆಗುತ್ತೆ. ನಾನು ಪುಸ್ತಕದ ಕಡೆ, ವಿಜ್ಞಾನದ ಮೇಷ್ಟ್ರು ಸಿನಿಮಾ ಕಡೆ. ಪುಟ್ಟಣ್ಣನವರು 1972ರಲ್ಲಿ 'ನಾಗರಹಾವು' ಮಾಡಿದಾಗ ತ.ರಾ.ಸು. ಅವರು 'ನನ್ನ ನಾಗರಹಾವನ್ನು ಕೇರೆಹಾವು ಮಾಡಿದ್ದಾರೆ' ಅಂದರಂತೆ. ಮೂರು ಕಾದಂಬರಿ ಸೇರಿಸಿ ಒಂದು ಸಿನಿಮಾ ಮಾಡಿದರೆ ಬರೆದವನಿಗೆ ಹೊಟ್ಟೆ ಉರಿಯದೆ ಇರುತ್ತಾ? ಆದರೆ ಊರಿಗೆ ಊರೇ ಆ ಕೇರೆಹಾವಿನ ಹಿಂದೆ ಹೋಯಿತು. ವಿಜ್ಞಾನದ ಮೇಷ್ಟ್ರು ಪ್ರತಿ ಸಲ ಇದನ್ನೇ ಎತ್ತಿ ನನ್ನ ಬಾಯಿ ಮುಚ್ಚಿಸುತ್ತಾರೆ.

ನಮ್ಮಪ್ಪ ಇನ್ನೂ ಒಂದು ಕೈ ಮೇಲು. ಲಕ್ಷ್ಮೀಶನ ಜೈಮಿನಿ ಭಾರತ ಅವರ ಬಾಯಲ್ಲೇ ಇತ್ತು, ರಾಗವಾಗಿ ಹಾಡುತ್ತಿದ್ದರು. 1977ರಲ್ಲಿ ಅದರಲ್ಲಿರುವ ಅರ್ಜುನ ಮತ್ತವನ ಮಗನ ಕಾಳಗದ ಕಥೆಯೇ 'ಬಭ್ರುವಾಹನ' ಸಿನಿಮಾ ಆಗಿ ಬಂದಾಗ ಟೆಂಟಿನಿಂದ ಸಿಡುಕಿಕೊಂಡು ಬಂದರಂತೆ. 'ಅಪ್ಪನೂ ರಾಜ್‌ಕುಮಾರ್, ಮಗನೂ ರಾಜ್‌ಕುಮಾರ್. ಇನ್ನು ಗೆಲ್ಲೋದು ಯಾರು? ರಾಜ್‌ಕುಮಾರೇ. ಲಕ್ಷ್ಮೀಶನಿಗೆ ಏನು ಕೆಲಸ?' ಅಂದರಂತೆ. ಅಂದವರು ಏಳು ಸಲ ನೋಡಿದರು, ಅದು ಬೇರೆ ವಿಷಯ.

ಈಗಿನ ಮಕ್ಕಳೂ ಕಮ್ಮಿ ಇಲ್ಲ. 2019ರ 'ಕುರುಕ್ಷೇತ್ರ' ರನ್ನನ ಗದಾಯುದ್ಧವನ್ನು ಇಟ್ಟುಕೊಂಡು ಮಾಡಿದ್ದು. ಅದನ್ನು ನೋಡಿಕೊಂಡು ಬಂದ ಹುಡುಗನೊಬ್ಬ ನಾನು ಗದಾಯುದ್ಧ ಹೇಳಿಕೊಡುವಾಗ ಕೇಳಿದ: 'ಸಾರ್, ರನ್ನ ಸಿನಿಮಾ ನೋಡಿ ಬರೆದಿದ್ದಾ?' ಎಲ್ಲರೂ ನಕ್ಕರು. ಆದರೆ ಅದೇ ಹುಡುಗ ಮುಂದಿನ ವಾರ ಬಂದು, ರನ್ನ ಭೀಮನನ್ನು ಹೊಗಳಲು ಹೊರಟು ಕೊನೆಗೆ ದುರ್ಯೋಧನನಿಗಾಗಿ ಯಾಕೆ ಅಳುತ್ತಾನೆ ಅಂದ. ದೊಡ್ಡ ದೊಡ್ಡ ಪಂಡಿತರು ಚರ್ಚೆ ಮಾಡಿದ ಪ್ರಶ್ನೆ ಅದು. ಸಿನಿಮಾ ನೋಡಿದ್ದಕ್ಕೇ ಬಂತು. ಆ ಸಿನಿಮಾ ನನಗೆ ಅಷ್ಟಕ್ಕಷ್ಟೇ, ಅಬ್ಬರ ಜಾಸ್ತಿ. ಆದರೆ ನೋಡಿದ್ದಕ್ಕಲ್ವಾ ನಾನು ಅಷ್ಟಕ್ಕಷ್ಟೇ ಅನ್ನೋದು? ನೋಡದೆ ಜಗಳ ಆಡೋದು ಹೇಗೆ?

ನೋಡಲಾಗದ್ದು ನಮ್ಮಲ್ಲಿ ಎಷ್ಟಿದೆ ಗೊತ್ತಾ? ಗೊತ್ತಿರುತ್ತೆ ಬಿಡಿ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'. 1934ರ ಮಾರ್ಚ್ 3ಕ್ಕೆ ಬಿಡುಗಡೆ ಆದದ್ದು. ರಾಮಾಯಣದ ಕಥೆ, ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ. ಅದರ ಪ್ರಿಂಟ್ ಉಳಿದಿಲ್ಲ. ಪ್ರತಿ ಮಾರ್ಚ್ 3ಕ್ಕೆ ಅದರ ನೆನಪು ಮಾಡಿಕೊಳ್ಳುತ್ತೇವೆ. ಹುಟ್ಟುಹಬ್ಬ ಇದೆ, ಮಗು ಇಲ್ಲ. ರೀಲು ಅನ್ನುವುದು ಉಪ್ಪಿನಕಾಯಿ ಜಾಡಿ ಇದ್ದ ಹಾಗೆ. ತಂಪಾಗಿ, ಒಣಗಿದ ಕಡೆ ಇಡದಿದ್ದರೆ ಕೆಡುತ್ತೆ. ಡಬ್ಬಿ ತೆಗೆದರೆ ವಿನೆಗರ್ ವಾಸನೆ ಹೊಡೆಯುತ್ತೆ. ಆಮೇಲೆ ಯಾವ ಸಮಿತಿ ಮಾಡಿದರೂ ಅದು ವಾಪಸ್ ಬರಲ್ಲ.

ಕಾಪಾಡೋಕೆ ಆಗುತ್ತೆ ಅನ್ನುವುದಕ್ಕೂ ಸಾಕ್ಷಿ ಇದೆ. 'ಘಟಶ್ರಾದ್ಧ'ವನ್ನು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಹೊರದೇಶದ ಸಂಸ್ಥೆಗಳ ಜೊತೆ ಸೇರಿ ಮತ್ತೆ ಹೊಸದರಂತೆ ಮಾಡಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಕೇಳಿ ಕಣ್ಣು ತುಂಬಿ ಬಂತು, ಸುಳ್ಳು ಹೇಳಲ್ಲ. ಆದರೆ ನಮ್ಮ ಮಲೆನಾಡಿನ ಅಗ್ರಹಾರದ ಕಥೆ ಇಟಲಿಯವರಿಗೆ ಕಂಡಿತು, ನಮ್ಮೂರಿಗೆ ಇನ್ನೂ ಬಂದಿಲ್ಲ. ಇಲ್ಲಿಂದ ವೆನಿಸ್‌ಗೆ ಬಸ್ ಇದೆಯಾ ಅಂತ ಡಿಪೋದಲ್ಲಿ ಕೇಳಬೇಕು.

ಸಹಾಯಧನದ ನಿಯಮ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಯಾವ ಚಿತ್ರಕ್ಕೆ ಎಷ್ಟು, ಯಾವ ಸಮಿತಿ ನೋಡುತ್ತದೆ, ಎಲ್ಲ ನಿಮ್ಮ ಮೇಜಿನ ಮೇಲೇ ಇರುತ್ತೆ. ನನಗೆ ಅರ್ಥವಾಗದ್ದು ಇಷ್ಟು: ಸರ್ಕಾರದ ದುಡ್ಡು, ಅಂದರೆ ನನ್ನ ದುಡ್ಡು, ಒಂದು ಸಿನಿಮಾಕ್ಕೆ ಹೋಗಿದೆ. ರಾಜ್ಯ ಪ್ರಶಸ್ತಿಯೂ ಬಂದಿದೆ. ಪೇಪರಿನಲ್ಲಿ ಫೋಟೋ ನೋಡಿದ್ದೇನೆ. ಸಿನಿಮಾ ನೋಡಿದವರು ಯಾರು? ಸಮಿತಿಯವರು. ಆಮೇಲೆ? ಎಂಟು ಜನ ಪುಣ್ಯವಂತರು ನೋಡೋಕೆ ನಾಡಿನ ಜನ ತೆರಿಗೆ ಕಟ್ಟಬೇಕಾ?

ಹಕ್ಕು ನಿರ್ಮಾಪಕರದ್ದು ಅಂತೀರಿ. ಗೊತ್ತು, ಎರಡನೇ ಕಚೇರಿಯವರೂ ಅದನ್ನೇ ಹೇಳಿದರು. ಹಾಗಾದರೆ ಮಾತಾಡಿ. ದುಡ್ಡು ಕೊಡಿ. ಕೊಳ್ಳಿ. ಒಬ್ಬ ಹಳ್ಳಿ ಮೇಷ್ಟ್ರಿಗೆ ಆಗದ್ದು ಒಂದು ಸರ್ಕಾರಕ್ಕೆ ಆಗಲ್ವಾ?

2025-26ರ ಬಜೆಟ್ ಭಾಷಣವನ್ನು ನಾನು ಟಿವಿ ಮುಂದೆ ಕೂತು ಕೇಳಿದವನು. ಕನ್ನಡ ಸಿನಿಮಾಗಳ ಭಂಡಾರಕ್ಕೆ 3 ಕೋಟಿ ಅಂದರು. ಕನ್ನಡಕ್ಕೇ ಒಂದು ಒಟಿಟಿ ಅಂದರು. ಟಿಕೆಟ್ಟಿಗೆ 200 ರೂಪಾಯಿ ಮಿತಿ ಅಂದರು. ಟಿಕೆಟ್ಟಿನ ವಿಷಯಕ್ಕೆ ಟಿವಿಯಲ್ಲಿ ಬೇಕಾದಷ್ಟು ಗಲಾಟೆ ಆಯಿತು. ಭಂಡಾರದ ಮಾತು ಯಾರೂ ಎತ್ತಲಿಲ್ಲ. ನಾನೊಬ್ಬನೇ ಮರುದಿನ ಸ್ಟಾಫ್ ರೂಮಿಗೆ ಮೈಸೂರ್‌ಪಾಕ್ ಒಯ್ದಿದ್ದೆ. ವಿಜ್ಞಾನದ ಮೇಷ್ಟ್ರು ಒಂದು ತಿಂದು 'ಕಾಪಿ ಬಂದ ಮೇಲೆ ಇನ್ನೊಂದು ತಿಂತೀನಿ' ಅಂದರು. ಡಬ್ಬಿ ಖಾಲಿಯಾಗಿ ಎಷ್ಟೋ ಕಾಲ ಆಯಿತು ಸ್ವಾಮಿ.

ನಾನು ಕೇಳುತ್ತಿರುವುದು ಫಿಲ್ಮ್ ಸಿಟಿ ಅಲ್ಲ. ಪುಸ್ತಕದಿಂದ, ಪುರಾಣದಿಂದ ಆಗಿ, ಸರ್ಕಾರದ ದುಡ್ಡನ್ನೋ ಪ್ರಶಸ್ತಿಯನ್ನೋ ಪಡೆದ ಸಿನಿಮಾಗಳ ಪಟ್ಟಿ ಹೊರಗೆ ಹಾಕಿ. ಯಾವುದು ಉಳಿದಿದೆ, ಯಾವುದು ಹೋಗಿದೆ ಅಂತ ನಿಜ ಹೇಳಿ. ಉಳಿದದ್ದನ್ನು ಶಾಲೆಗೆ, ಲೈಬ್ರರಿಗೆ ಕೊಡಿ. ಜಿಲ್ಲೆಗೊಂದು ರಂಗಮಂದಿರ ಕಟ್ಟಿದ್ದೀರಲ್ಲ, ಮದುವೆ ರಿಸೆಪ್ಶನ್ ಇಲ್ಲದ ಒಂದು ಸಂಜೆ ಅಲ್ಲಿ ಒಂದು ಸಿನಿಮಾ ಹಾಕಿ. ಹೊಗಳುತ್ತೇವೆ, ಬೈಯುತ್ತೇವೆ, ಪುಸ್ತಕವೇ ವಾಸಿ ಅಂತ ಕೂಗಾಡುತ್ತೇವೆ. ಅದು ನಮ್ಮ ಪಾಡು. ಮೊದಲು ನೋಡೋಕೆ ಕೊಡಿ.

ಆ 46 ಮಕ್ಕಳು ಈಗ ಎಸ್ಸೆಸ್ಸೆಲ್ಸಿ. ಮಾರ್ಚ್ ಕಳೆದರೆ ಶಾಲೆ ಬಿಟ್ಟು ಹೋಗುತ್ತಾರೆ. ಅಷ್ಟರೊಳಗೆ ಅವರಿಗೆ ಆ ಕೊನೆಯ ದೃಶ್ಯ ಒಂದನ್ನಾದರೂ ನೆಟ್ಟಗೆ ತೋರಿಸಬೇಕು ಅಂತ ನನ್ನ ಆಸೆ. ಪಂಚೆ ಒಗೆದು ಇಟ್ಟಿದ್ದೇನೆ. ಪ್ರೊಜೆಕ್ಟರ್ ಮತ್ತೆ ಬೇಡಿ ತರುತ್ತೇನೆ. ಮಂಡಕ್ಕಿ ನಂದೇ. ಕಾಪಿ ಮಾತ್ರ ನೀವು ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಕನ್ನಡ ಮೇಷ್ಟ್ರು,
ಶಿವಮೊಗ್ಗ ಜಿಲ್ಲೆ

ವಿ.ಸೂ.: ಅವತ್ತು ಆ ಹುಡುಗ ಗಾಬರಿಯಲ್ಲಿ ಏನು ಒತ್ತಿದನೋ, ಸಾಲದ ಕಂಪನಿಯವರಿಗೆ ನನ್ನ ನಂಬರ್ ಸಿಕ್ಕಿಬಿಟ್ಟಿದೆ. ವಾರಕ್ಕೆರಡು ಸಲ ಫೋನ್ ಮಾಡಿ 'ಸಾರ್, ಹೇಗಿದ್ದೀರಾ, ಏನಾದರೂ ಬೇಕಿತ್ತಾ' ಅಂತ ಕೇಳುತ್ತಾರೆ. ಮೂರು ಪತ್ರ ಹಾಕಿದ ಕಡೆಯಿಂದ ಒಂದು ಸಲವಾದರೂ ಹಾಗೆ ಫೋನ್ ಬಂದಿದ್ದರೆ ಈ ನಾಲ್ಕನೆಯದು ಬರೆಯುತ್ತಿರಲಿಲ್ಲ.