ಇಂಟರ್‌ಲಾಕ್ ಹಾಕಿ, ಸಂಜೆಮಲ್ಲಿಗೆಗೆ ಸ್ವಲ್ಪ ಮಣ್ಣು ಬಿಡಿ: ಉಡುಪಿ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಶಾಲೆಯ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿಕೊಡಿ ಎಂಬ ಮನವಿಗಳು ನಿಮಗೆ ಜಾಸ್ತಿ ಬರುತ್ತಿರಬಹುದು. ಹಾಕಿಸಿ, ಮಳೆಗಾಲದ ಕೆಸರು ನಮಗೂ ಗೊತ್ತು. ಆದರೆ ಕಾಂಪೌಂಡ್ ಗೋಡೆಯ ಬದಿಯಲ್ಲಿ ನಾಲ್ಕಡಿ ಮಣ್ಣು ಬಿಡಿಸಿ. ಅಲ್ಲಿ ಸಂಜೆಮಲ್ಲಿಗೆ ನೆಡಬೇಕು. ಚಂದಕ್ಕಲ್ಲ, ವಿಜ್ಞಾನದ ಪಾಠಕ್ಕೆ.

ಹತ್ತನೇ ತರಗತಿಯ ಮಕ್ಕಳು ಮೆಂಡೆಲ್ ಅವರ ಬಟಾಣಿ ಪ್ರಯೋಗ ಓದುತ್ತಾರೆ. ಒಂದು ಗುಣ ಮೂರು ಪಾಲು, ಇನ್ನೊಂದು ಒಂದು ಪಾಲು, ಅಂದರೆ 3:1 ಎಂದು ಬಾಯಿಪಾಠ ಮಾಡುತ್ತಾರೆ. ಬಟಾಣಿ ಗಿಡ ನೋಡಿದವರು ಎಷ್ಟು ಮಂದಿ? ನಮ್ಮ ಸೆಕೆಗೆ ಅದು ಸರಿಯಾಗಿ ಬರುವುದೂ ಇಲ್ಲ. ಈಗಿನ ಚೆಕ್ ದೇಶದ ಬ್ರನೋ ಊರಿನ ಮಠದಲ್ಲಿ ಪಾದ್ರಿಯಾಗಿದ್ದ ಮೆಂಡೆಲ್ 1856ರಿಂದ ವರ್ಷಗಟ್ಟಲೆ ತೋಟದಲ್ಲಿ ಕೂತು ಎಣಿಸಿದರು. ಉರುಟು ಬೀಜದ ಗಿಡಕ್ಕೂ ಸುಕ್ಕು ಬೀಜದ ಗಿಡಕ್ಕೂ ಕೂಡಿಸಿ ಬಂದ ಎರಡನೇ ತಲೆಮಾರಿನಲ್ಲಿ ಉರುಟು ಬೀಜ 5474, ಸುಕ್ಕು ಬೀಜ 1850. ಭಾಗಿಸಿದರೆ 2.96. ಪುಸ್ತಕದಲ್ಲಿ ಅದು ಸಲೀಸಾಗಿ 3 ಆಗಿಬಿಟ್ಟಿದೆ. 1866ರಲ್ಲಿ ಅಚ್ಚಾದಾಗ ಯಾರೂ ಕ್ಯಾರೇ ಅನ್ನಲಿಲ್ಲ. 1884ರಲ್ಲಿ ಮೆಂಡೆಲ್ ತೀರಿಹೋದರು. 1900ರಲ್ಲಿ ಮೂವರು ಬೇರೆ ಬೇರೆಯಾಗಿ ಅದೇ ಲೆಕ್ಕಕ್ಕೆ ಬಂದು ಮುಟ್ಟಿದರು.

ಆ ಮೂವರಲ್ಲಿ ಒಬ್ಬರು ಜರ್ಮನಿಯ ಕಾರ್ಲ್ ಕೊರೆನ್ಸ್. ಸಂಜೆಮಲ್ಲಿಗೆ ಹಿಡಿದವರು ಅವರೇ. ಕೆಂಪು ಹೂವಿನ ಗಿಡಕ್ಕೂ ಬಿಳಿ ಹೂವಿನ ಗಿಡಕ್ಕೂ ಕೂಡಿಸಿದರೆ ಹುಟ್ಟುವುದು ಗುಲಾಬಿ ಬಣ್ಣ. ಎರಡೂ ಬೆರೆತು ಹೋಯಿತು ಅನ್ನಿಸುತ್ತದೆ, ಅಲ್ವಾ? ಆ ಗುಲಾಬಿಯ ಬೀಜ ಬಿತ್ತಿದರೆ ಕೆಂಪೂ ಬಿಳಿಯೂ ತಿರುಗಿ ಹಾಜರ್. ಒಂದು ಪಾಲು ಕೆಂಪು, ಎರಡು ಪಾಲು ಗುಲಾಬಿ, ಒಂದು ಪಾಲು ಬಿಳಿ. ಬಣ್ಣ ಬೆರೆತಿತ್ತು, ಒಳಗಿನ ಅಂಶ ಬೆರೆತಿರಲಿಲ್ಲ. ಬಟಾಣಿಗಿಂತ ಇದು ಮಕ್ಕಳಿಗೆ ಬೇಗ ಹಿಡಿಯುತ್ತದೆ.

ಸುಲಭದ ಕೆಲಸವೇನಲ್ಲ. ಮೊಗ್ಗು ಬಿರಿಯುವ ಮೊದಲೇ ಕೇಸರ ಕಿತ್ತು, ಇನ್ನೊಂದು ಗಿಡದ ಪರಾಗ ಮುಟ್ಟಿಸಿ, ತೆಳು ಬಟ್ಟೆಯ ಚೀಲ ಕಟ್ಟಬೇಕು. ಇಷ್ಟು ಮಾಡಿದ ಹೂವಿಗೆ ಸಿಗುವುದು ಒಂದೇ ಬೀಜ, ಕಾಳುಮೆಣಸಿನಂಥದ್ದು. ಹೂ ಅರಳುವುದೋ, ಸರಿಯಾಗಿ ಶಾಲೆ ಬಿಡುವ ಹೊತ್ತಿಗೆ! ಹಾಗಾಗಿ ಸಂಜೆ ಸ್ವಲ್ಪ ಹೊತ್ತು ಮಕ್ಕಳನ್ನು ನಿಲ್ಲಿಸಿಕೊಳ್ಳಲು ಶಿಕ್ಷಕರಿಗೆ ಅನುಮತಿ ಬೇಕು. ಊರಿನ ಗಿಡಗಳು ಬೆರಕೆ, ಹಳದಿಯೂ ಸೇರಿರುತ್ತದೆ. ಮೊದಲು ಶುದ್ಧ ಕೆಂಪು, ಶುದ್ಧ ಬಿಳಿ ತಳಿ, ಅಂದರೆ ಬಿತ್ತಿದಾಗಲೆಲ್ಲ ಅದೇ ಬಣ್ಣ ಕೊಡುವ ಗಿಡ ಮಾಡಿಕೊಳ್ಳಬೇಕು. ಮೆಂಡೆಲ್ ಕೂಡ ಎರಡು ವರ್ಷ ತಳಿ ಪರೀಕ್ಷೆಗೇ ಕಳೆದಿದ್ದರು. ಎಂಟನೇ ತರಗತಿಯಲ್ಲಿ ಶುರು ಮಾಡಿದ ಮಕ್ಕಳು ಹತ್ತಕ್ಕೆ ಬರುವಾಗ ಅವರ ಕೈಯಲ್ಲಿ ಅವರದೇ ಎಣಿಕೆ ಇರುತ್ತದೆ.

ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ಅವರಲ್ಲಿ ಒಂದು ಮಾತು ಹೇಳಿ, ಮೊದಲಿಗೆ ಎರಡು ಮೂರು ಸರಕಾರಿ ಹೈಸ್ಕೂಲುಗಳಲ್ಲಿ ಶುರು ಮಾಡಿಸಿ. ನೀರು, ಬೇಲಿ ಶಾಲಾ ಸಮಿತಿ ಎಸ್‌ಡಿಎಂಸಿಯವರು ನೋಡಿಕೊಳ್ಳಬಹುದು. ಬೀಜಕ್ಕೆ ಟೆಂಡರ್ ಕರೆಯುವುದು ಬೇಡ, ಹಿತ್ತಿಲಲ್ಲಿ ಬೇಕಾದಷ್ಟು ಬಿದ್ದಿರುತ್ತದೆ.

ಇಂತಿ,
ಹೈಸ್ಕೂಲು ಮಕ್ಕಳ ಪೋಷಕರಲ್ಲಿ ಒಬ್ಬರು, ಉಡುಪಿ