ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ: ರೋಸ್ಟರ್ 14 ದಿನ ಮೊದಲೇ ಗೋಡೆಗೆ ಬರಲಿ

ಮಾನ್ಯ ಕಾರ್ಮಿಕ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ನಮಸ್ಕಾರಗಳು.

1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಗಂಟೆಗಳನ್ನು ಚೆನ್ನಾಗಿಯೇ ಎಣಿಸಿದೆ. ದಿನಕ್ಕೆ 9, ವಾರಕ್ಕೆ 48. ಓಟಿ (ನಿಗದಿತ ಅವಧಿ ಮೀರಿದ ದುಡಿಮೆ) ಸೇರಿದರೂ ದಿನಕ್ಕೆ 10, ಮೂರು ತಿಂಗಳಲ್ಲಿ ಓಟಿ 50 ಗಂಟೆ ದಾಟಬಾರದು, ಓಟಿಗೆ ಇಮ್ಮಡಿ ಕೂಲಿ. 2025ರ ಜೂನ್‌ನಲ್ಲಿ 9ನ್ನು 10 ಮಾಡುವ, 50ನ್ನು 144 ಮಾಡುವ ಪ್ರಸ್ತಾವ ಬಂದಾಗಲೂ ಜಗಳವೆಲ್ಲ ಎಷ್ಟು ಗಂಟೆ ಎಂಬುದರ ಮೇಲೇ ನಡೆಯಿತು. ಆ ಗಂಟೆಗಳು ಯಾವ ದಿನ, ಯಾವ ಹೊತ್ತಿಗೆ ಬೀಳುತ್ತವೆ ಎಂಬುದನ್ನು ಕೆಲಸಗಾರರಿಗೆ ಎಷ್ಟು ದಿನ ಮೊದಲು ಹೇಳಬೇಕು? ಅದಕ್ಕೆ ಗಡುವೇ ಇಲ್ಲ. ಮಾಲ್, ಸೂಪರ್ ಮಾರ್ಕೆಟ್, ಹೋಟೆಲ್, ಔಷಧಿ ಅಂಗಡಿಗಳ ದುಡಿಮೆಯಲ್ಲಿ ಇವತ್ತು ದೊಡ್ಡ ತೊಂದರೆ ಇದೇ. ರೋಸ್ಟರ್, ಅಂದರೆ ಯಾರಿಗೆ ಯಾವ ದಿನ ಯಾವ ಹೊತ್ತಿನ ಕೆಲಸ ಎಂಬ ಪಟ್ಟಿ, 14 ದಿನ ಮೊದಲೇ ಗೋಡೆಗೆ ಬರಲಿ ಎಂಬುದು ನಮ್ಮ ಬೇಡಿಕೆ.

ಇದೇನೂ ಹೊಸ ಬೇಡಿಕೆಯಲ್ಲ. ಕಾರ್ಖಾನೆಗಳಿಗೆ 1948ರ ಕಾಯ್ದೆಯ 61ನೇ ಕಲಮಿನಲ್ಲೇ ಇದು ಸಿಕ್ಕಿತ್ತು. ಕೆಲಸದ ವೇಳೆ ಬರೆದು ಹಾಕಬೇಕು, ಬದಲಿಸುವ ಮೊದಲು ಇನ್‌ಸ್ಪೆಕ್ಟರಿಗೆ ತಿಳಿಸಬೇಕು, ಹಿಂದಿನ ಬದಲಾವಣೆಯಾಗಿ ಒಂದು ವಾರ ಕಳೆಯದೆ ಮತ್ತೆ ಬದಲಿಸಲು ಅವರ ಅನುಮತಿ ಬೇಕು. ಬರೆದು ಹಾಕಿದ ವೇಳೆಗೆ ಹೊರತಾಗಿ ದುಡಿಸುವಂತಿಲ್ಲ ಎಂದು 63ನೇ ಕಲಂ ಹೇಳಿತ್ತು. ಕೌಂಟರಿನ ಹಿಂದೆ ನಿಂತವರಿಗೆ ಆ ಭಾಗ್ಯ ಬರಲಿಲ್ಲ. 10 ಮತ್ತು ಹೆಚ್ಚು ಜನರಿರುವ ಅಂಗಡಿಗಳು ದಿನದ 24 ಗಂಟೆ ತೆರೆದಿರಬಹುದೆಂದು 2021ರ ಜನವರಿಯಲ್ಲಿ ಸರ್ಕಾರ ಹೊರಡಿಸಿದ ಆದೇಶದಲ್ಲೂ, ಅಂದಂದು ಯಾರು ರಜೆಯಲ್ಲಿದ್ದಾರೆ ಎಂಬುದನ್ನು ಕಾಣುವಂತೆ ಹಾಕಿ ಎಂದಷ್ಟೇ ಇದೆ. ಅಂದಂದು ಎಂದರೆ, ಬೆಳಿಗ್ಗೆ ಬಂದು ನೋಡಿಕೊಳ್ಳಿ ಎಂದ ಹಾಗಾಯಿತು.

ನಡೆಯುವುದು ಹೀಗೆ. ಸೋಮವಾರದಿಂದ ಶುರುವಾಗುವ ವಾರದ ರೋಸ್ಟರ್ ಭಾನುವಾರ ರಾತ್ರಿ ವಾಟ್ಸ್‌ಆಪ್ ಗುಂಪಿಗೆ ಬರುತ್ತದೆ. ಬುಧವಾರ ಅದೇ ಹಾಳೆ ತಿದ್ದಿ ಮತ್ತೆ ಬರುತ್ತದೆ, ಹಳೆಯದು ಡಿಲೀಟ್ ಆಗಿರುತ್ತದೆ. ಗುರುವಾರದ ವೀಕ್ ಆಫ್ ಮಂಗಳವಾರಕ್ಕೆ ಸರಿದಿರುತ್ತದೆ. ಮಂಗಳವಾರ ಆಗಲೇ ಕಳೆದುಹೋಗಿದೆ. ಹೋಟೆಲಿನ ಬ್ರೇಕ್ ಶಿಫ್ಟ್ ಬೆಳಿಗ್ಗೆ 11ರಿಂದ 3, ಸಂಜೆ 7ರಿಂದ 11. ದುಡಿಮೆ 8 ಗಂಟೆ, ಬಿಡುವೂ ಸೇರಿ ಶುರುವಿನಿಂದ ಕೊನೆಯವರೆಗಿನ ಹರವು ಸರಿಯಾಗಿ 12 ಗಂಟೆ, ಕಾನೂನಿನ ಅಂಚಿಗೆ ತಾಗುವಂತೆ. ಕೊನೆಯ ಟೇಬಲ್ 10 ನಿಮಿಷ ತಡವಾಗಿ ಎದ್ದರೂ ಉಲ್ಲಂಘನೆಯೇ, ಆದರೆ ಅದು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ.

ಯಾಕೆ ಕಾಣುವುದಿಲ್ಲ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇವೆ. ತಿಂಗಳಿಗೆ 15,600 ರೂಪಾಯಿ ಸಂಬಳ ಎಂದುಕೊಳ್ಳಿ. ಕೆಲಸದ 26 ದಿನಗಳಿಂದ ಭಾಗಿಸಿದರೆ ದಿನಕ್ಕೆ 600, ದಿನಕ್ಕೆ 8 ಗಂಟೆಯಂತೆ ಗಂಟೆಗೆ 75, ಓಟಿ ಗಂಟೆಗೆ 150. ಬಿಲ್ಲಿಂಗ್ 10ಕ್ಕೆ ನಿಲ್ಲುತ್ತದೆ, ಹಾಜರಿ ಯಂತ್ರಕ್ಕೆ ಬೆರಳಚ್ಚು ಆಗಲೇ ಒತ್ತಿಸುತ್ತಾರೆ. ಆಮೇಲೆ ಕ್ಯಾಶ್ ತಾಳೆ, ಶೆಲ್ಫ್ ತುಂಬುವುದು, ನೆಲ ಒರೆಸುವುದು: 40 ನಿಮಿಷ. ವಾರಕ್ಕೆ 6 ದಿನವಾದರೆ 4 ಗಂಟೆ, ಅಂದರೆ ವಾರಕ್ಕೆ 52 ಗಂಟೆ. ಆ 26 ದಿನಗಳಿಗೆ ಬರಬೇಕಾದ ಓಟಿ 2,600 ರೂಪಾಯಿ. 13 ವಾರಕ್ಕೆ ಓಟಿ 52 ಗಂಟೆ, 50ರ ಮಿತಿ ದಾಟಿತು. ಈ 40 ನಿಮಿಷವನ್ನು ಪ್ರಾಮಾಣಿಕವಾಗಿ ಬರೆದ ಮಾಲೀಕನೇ ಸಿಕ್ಕಿಬೀಳುತ್ತಾನೆ, ಬರೆಯದವನು ಪಾರಾಗುತ್ತಾನೆ. ಮಿತಿಯನ್ನು 144ಕ್ಕೆ ಏರಿಸಿದರೂ ಬರೆಯದೆ ಉಳಿದ ಗಂಟೆಗೆ ಹಣ ಬರುವುದಿಲ್ಲ. ಶಿಫ್ಟ್ ಮುಗಿಯುವ ಹೊತ್ತನ್ನು ಕ್ಲೋಸಿಂಗ್ ಕೆಲಸವೂ ಸೇರಿ ಮೊದಲೇ ಬರೆದು ಹಾಕಿದ್ದರೆ ತಾನೇ ಇದು ಹೊರಬೀಳುವುದು?

ಬೇರೆ ಊರುಗಳು ಇದನ್ನು ಮಾಡಿ ನೋಡಿವೆ. ಸ್ಯಾನ್ ಫ್ರಾನ್ಸಿಸ್ಕೊ ನಗರ 2014ರಲ್ಲಿ ದೊಡ್ಡ ಸರಣಿ ಅಂಗಡಿಗಳಿಗೆ ಎರಡು ವಾರ ಮೊದಲೇ ರೋಸ್ಟರ್ ಕೊಡುವ ನಿಯಮ ತಂದಿತು. 2017ರ ಜುಲೈಯಿಂದ ಸಿಯಾಟಲ್‌ನಲ್ಲಿ 14 ದಿನದ ನೋಟಿಸ್. ಆಮೇಲೆ ಗಂಟೆ ಸೇರಿಸಿದರೆ ಒಂದು ಗಂಟೆಯ ಕೂಲಿ ಹೆಚ್ಚುವರಿ, ಕಡಿತ ಮಾಡಿದರೆ ಕಳೆದ ಗಂಟೆಗಳಿಗೆ ಅರ್ಧ ಕೂಲಿ. ನ್ಯೂಯಾರ್ಕಿನ ಫಾಸ್ಟ್ ಫುಡ್ ಅಂಗಡಿಗಳಲ್ಲಿ ಬದಲಾವಣೆಗೆ 10ರಿಂದ 75 ಡಾಲರ್. ರಾತ್ರಿ ಮುಚ್ಚಿ ಹೋದವರನ್ನು 11 ಗಂಟೆ ಕಳೆಯುವ ಮೊದಲೇ ತೆರೆಯಲು ಕರೆದರೆ 100 ಡಾಲರ್.

ಇವನ್ನು ಹಾಗೇ ಎತ್ತಿ ತಂದರೆ ಇಲ್ಲಿ ಕೆಲಸ ಮಾಡುವುದಿಲ್ಲ. ಅಲ್ಲಿಯವರಿಗೆ ಗಂಟೆ ಲೆಕ್ಕದ ಕೂಲಿ. ಇಲ್ಲಿ ಬಹಳ ಕಡೆ ತಿಂಗಳ ಸಂಬಳ. ನಮ್ಮವರು ಕಳೆದುಕೊಳ್ಳುವುದು ಹೆಚ್ಚಾಗಿ ರಜೆಯನ್ನು. ಹಾಗಾಗಿ ಪಾರ್ಟ್ ಟೈಮ್ ಹುಡುಗರಿಗೆ ಸಿಯಾಟಲ್ ರೀತಿ ಸಾಕು: 8 ಗಂಟೆಯ ಕೆಲಸಕ್ಕೆಂದು ಕರೆಸಿ 3 ಗಂಟೆ ದುಡಿಸಿ ಮನೆಗೆ ಕಳಿಸಿದರೆ, ಉಳಿದ 5 ಗಂಟೆಗೆ, ಮೇಲಿನ ದರದಲ್ಲೇ, 187 ರೂಪಾಯಿ 50 ಪೈಸೆ. ತಿಂಗಳ ಸಂಬಳದವರಿಗೆ, ರೋಸ್ಟರಿನಲ್ಲಿದ್ದ ವೀಕ್ ಆಫ್ ಕಸಿದರೆ ಆ ದಿನಕ್ಕೆ ಇಮ್ಮಡಿ ಕೂಲಿ, ಜೊತೆಗೆ 7 ದಿನದೊಳಗೆ ಬದಲಿ ರಜೆ. ಮೊದಲು ಮುಗಿದ ಶಿಫ್ಟಿಗೂ ಮರುದಿನದ ಶಿಫ್ಟಿಗೂ 11 ಗಂಟೆ ಅಂತರ ಬೇಕು. ರಾತ್ರಿ ಹನ್ನೊಂದೂವರೆಗೆ ಬಿಟ್ಟವರು ಬೆಳಿಗ್ಗೆ 9ಕ್ಕೆ ಬಂದರೆ ಒಂದೂವರೆ ಗಂಟೆ ಕೊರತೆ. ಆ ಒಂದೂವರೆ ಗಂಟೆಗೆ ಓಟಿ ದರ.

ಕಾಯ್ದೆ ತಿದ್ದುಪಡಿಗೆ ಕಾಯಬೇಕಿಲ್ಲ. 24 ಗಂಟೆ ತೆರೆಯುವ ಅನುಮತಿ ಷರತ್ತಿನ ಮೇಲೆಯೇ ನಿಂತಿದೆ, ಅದನ್ನು ನವೀಕರಿಸುವಾಗ ಈ ಷರತ್ತುಗಳನ್ನೂ ಸೇರಿಸಿ. ಆದರೆ 10 ಜನರ ಲೆಕ್ಕವನ್ನು ಮಳಿಗೆಗೆ ಮಾತ್ರ ಹಿಡಿಯಬೇಡಿ. ಒಂದೊಂದು ಮಳಿಗೆಯಲ್ಲಿ ಆರು ಜನರನ್ನಿಟ್ಟು ಊರ ತುಂಬ ಮಳಿಗೆ ಇರುವ ಸರಣಿಗಳಿವೆ. ಮಾಲೀಕನ ಒಟ್ಟು ಲೆಕ್ಕ ಹಿಡಿಯಿರಿ. ಬೀದಿ ಕೊನೆಯ ದಿನಸಿ ಅಂಗಡಿಯನ್ನು ಇದರಲ್ಲಿ ಎಳೆಯುವುದು ಬೇಡ.

ತಪ್ಪಿಸಿಕೊಳ್ಳುವ ದಾರಿಗಳನ್ನು ಮೊದಲೇ ಮುಚ್ಚಬೇಕು. ವಾಟ್ಸ್‌ಆಪಿನಲ್ಲಿ ಬಂದ 'ಓಕೆ ಸರ್' ಒಪ್ಪಿಗೆಯಲ್ಲ. ಬದಲಾವಣೆಗೆ ಮುಂಚೆ, ಬೇಡ ಎನ್ನಬಹುದು ಎಂದು ಬರೆದ ಕಾಗದಕ್ಕೆ ಸಹಿ ಬೇಕು. ಒಬ್ಬರು ಗೈರಾದಾಗ 'ಯಾರಾದರೂ ಬರುವಿರಾ' ಎಂದು ಎಲ್ಲರಿಗೂ ಕೇಳಿ, ಸ್ವಇಚ್ಛೆಯಿಂದ ಬಂದವರಿಗೆ ಹೆಚ್ಚುವರಿ ಬೇಡ. ಇದಕ್ಕೆ ಸಿಯಾಟಲ್ ಕೂಡ ವಿನಾಯಿತಿ ಕೊಟ್ಟಿದೆ, ನ್ಯಾಯವೇ. ನೌಕರರು ತಾವೇ ಶಿಫ್ಟ್ ಅದಲು ಬದಲು ಮಾಡಿಕೊಂಡರೂ ಹಾಗೆಯೇ. ನೆರೆ, ಕರೆಂಟ್ ಹೋಗಿ ಮಳಿಗೆ ಮುಚ್ಚಿದ್ದು, ಬಂದ್, ಇವಕ್ಕೂ ಬಿಡಿ. ದಸರಾ ಸೇಲ್‌ಗೆ ಬಿಡಬೇಡಿ. ಆಯುಧಪೂಜೆ ಯಾವತ್ತು ಎಂಬುದು ವರ್ಷದ ಮೊದಲೇ ಕ್ಯಾಲೆಂಡರಿನಲ್ಲಿ ಅಚ್ಚಾಗಿರುತ್ತದೆ, ಆಫರಿನ ಬ್ಯಾನರ್ ಕೂಡ ವಾರಗಳ ಹಿಂದೆಯೇ ಮುದ್ರಣಕ್ಕೆ ಹೋಗಿರುತ್ತದೆ. ತಡವಾಗುವುದು ರೋಸ್ಟರ್ ಒಂದೇ, ಏಕೆಂದರೆ ಅದರ ತಡಕ್ಕೆ ಯಾರೂ ದಂಡ ತೆರುತ್ತಿಲ್ಲ.

ಏಜೆನ್ಸಿ ಮೂಲಕ ಬಂದ ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಬ್ರಾಂಡ್ ಪ್ರಮೋಟರುಗಳ ವಿಷಯ ಇನ್ನೂ ಜಟಿಲ. ಸಂಬಳ ಏಜೆನ್ಸಿಯದು, ರಜೆ ತಪ್ಪಿಸುವುದು ಫ್ಲೋರ್ ಮ್ಯಾನೇಜರ್. ಕೇಳಿದರೆ ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ರೋಸ್ಟರ್ ಹಾಕಿದವರೇ ಹೆಚ್ಚುವರಿ ಹಣಕ್ಕೆ ಹೊಣೆ ಎಂದು ಒಂದೇ ಸಾಲಿನಲ್ಲಿ ಬರೆಯಿರಿ.

ಕೊನೆಯದಾಗಿ ದಾಖಲೆ. ಗೋಡೆಗೆ ಹಾಕಿದ ಮೊದಲ ರೋಸ್ಟರ್, ತಾರೀಖು ಮತ್ತು ಸಮಯದ ಸಮೇತ ಪ್ರತಿ ತಿದ್ದುಪಡಿ, ಬೆರಳಚ್ಚಿನ ಮೂಲ ದತ್ತಾಂಶ, ಸಂಬಳದ ಚೀಟಿ, ಇವನ್ನು ಮೂರು ವರ್ಷ ಇಡಲಿ. ಮೊದಲ ಪ್ರತಿ ಇಲ್ಲದಿದ್ದರೆ ಇನ್‌ಸ್ಪೆಕ್ಟರ್ ತಾಳೆ ನೋಡಲು ಏನೂ ಉಳಿಯುವುದಿಲ್ಲ. ಆಗ ಬದಲಾವಣೆ ಆಗಿದೆಯೆಂದೇ ಭಾವಿಸಿ, ಇಲ್ಲವೆಂದು ತೋರಿಸುವ ಹೊಣೆ ಮಾಲೀಕರ ಮೇಲಿರಲಿ. ದೂರು ಕೊಟ್ಟವರ ಹೆಸರು ನೋಟಿಸಿನಲ್ಲಿ ಬರಬಾರದು. ದೂರಿನ ನಂತರದ 90 ದಿನಗಳಲ್ಲಿ ಅವರ ಗಂಟೆ ಕಡಿತವಾದರೆ ಅದನ್ನೂ ಅದೇ ಕಡತದಲ್ಲಿ ಪ್ರಶ್ನಿಸುವಂತಿರಲಿ.

ಇಂತಿ,
ಅಂಗಡಿ, ಹೋಟೆಲುಗಳಲ್ಲಿ ರೋಸ್ಟರ್ ಹಾಕುವ, ಹಾಜರಿ ಮತ್ತು ಸಂಬಳದ ಲೆಕ್ಕ ನೋಡುವ ನೌಕರರು