ದೆವ್ವದ ಕಥೆ ಬರೆಯುವ ಹುಡುಗಿಗೆ

ಪ್ರೀತಿಯ ಹುಡುಗಿ,

ನಿನ್ನ ಹಸ್ತಪ್ರತಿ ಕೈಸೇರಿ ಮೂರು ವಾರವಾಯಿತು. ಅದನ್ನು ಎರಡು ಸಲ ಓದಿದೆ, ಜೊತೆಗಿಟ್ಟ ಪತ್ರವನ್ನು ನಾಲ್ಕೈದು ಸಲ. ‘ದೆವ್ವದ ಕಥೆ ಬರೆದು ಮಕ್ಕಳ ತಲೆ ಕೆಡಿಸಬೇಡ, ಉಪಯೋಗಕ್ಕೆ ಬರುವಂಥದ್ದೇನಾದರೂ ಬರೆ’ ಎಂದು ಉಪನ್ಯಾಸಕರು ಹೇಳಿದ ಮೇಲೆ ಹತ್ತು ದಿನ ಪೆನ್ನು ಮುಟ್ಟಲಿಲ್ಲ ಎಂದು ಬರೆದಿದ್ದೀಯ. ಓದಿ ಸಂಕಟವಾಯಿತು. ಎಷ್ಟು ಪುಟ ಇರಬೇಕು, ಪ್ರಕಾಶಕರಿಗೆ ಹೇಗೆ ಕಳುಹಿಸಬೇಕು, ಅಧ್ಯಾಯಗಳಿಗೆ ಹೆಸರಿಡಬೇಕೇ ಎಂದೆಲ್ಲ ಕೇಳಿದ್ದೀಯ. ಅವನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ನಾನು ಮಾತನಾಡಬೇಕೆಂದಿರುವುದು ನಿನ್ನ ಕಥೆಯಲ್ಲಿ ಸತ್ತಿರುವ ಹುಡುಗಿಯ ಬಗ್ಗೆ.

41ನೆಯ ಪುಟ ತೆಗೆ. ಹಾಸ್ಟೆಲಿನಲ್ಲಿ ರಾತ್ರಿ ಊಟಕ್ಕೆ ಮೊದಲು ವಾರ್ಡನ್ ಹಾಜರಿ ಕರೆಯುತ್ತಾರೆ. 17 ಆದ ಮೇಲೆ 19. ನಡುವಿನ ಆ ಗಳಿಗೆಯಲ್ಲಿ ಯಾರೂ ಉಸಿರಾಡುವುದಿಲ್ಲ. 19ರವಳು ದನಿ ಕೊಟ್ಟ ಮೇಲೆಯೇ ತಟ್ಟೆಗಳ ಸದ್ದು ಶುರುವಾಗುತ್ತದೆ. ಇದನ್ನು ಓದಿ ನಾನು ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಕುಳಿತಿದ್ದೆ. ನಲವತ್ತು ವರ್ಷ ಬರೆದಿದ್ದೇನೆ, ಇಂಥ ಮೂರು ಸಾಲು ನನಗೆ ಹೊಳೆದದ್ದು ಅಪರೂಪ.

ಇಷ್ಟು ಬಲ್ಲವಳು ಮರುಪುಟದಲ್ಲೇ ಗೆಜ್ಜೆಯ ಸದ್ದು ಏಕೆ ತಂದೆ? ಬಿಳಿ ಸೀರೆ, ಬಿಚ್ಚಿದ ಕೂದಲು, ಹಿಂದುಮುಂದಾದ ಪಾದ. 18ನೆಯ ನಂಬರಿನ ಹುಡುಗಿ ಚೂಡಿದಾರ ತೊಟ್ಟು, ಕೂದಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಓಡಾಡಿದವಳು. ಸತ್ತ ಮೇಲೆ ಅವಳಿಗೆ ಯಾರದೋ ಸೀರೆ ಉಡಿಸಿದ್ದು ನೀನು. ಹೆದರಿಸುವ ಆತುರದಲ್ಲಿ ಅವಳು ಯಾರೆಂಬುದನ್ನೇ ಮರೆತುಬಿಟ್ಟೆ. ಇದೊಂದನ್ನು ನಾನು ಕ್ಷಮಿಸಲಾರೆ, ಏಕೆಂದರೆ ನಮ್ಮ ಊರುಗಳು ಮಾಡುತ್ತ ಬಂದಿರುವುದೂ ಇದನ್ನೇ.

ನಮ್ಮೂರ ಕೆರೆ ಏರಿಯ ಕೆಳಗೆ ಒಂದು ಹುಣಸೆಮರವಿತ್ತು. ಅದರಲ್ಲಿ ದೆವ್ವವಿದೆ ಎಂದು ಸಂಜೆಯಾದ ಮೇಲೆ ನಮ್ಮನ್ನು ಆ ಕಡೆ ಬಿಡುತ್ತಿರಲಿಲ್ಲ. ಯಾರ ದೆವ್ವ ಎಂದು ಕೇಳಿದರೆ ಅಜ್ಜಿ ಗದರುತ್ತಿದ್ದರು. ನನಗೆ ಮದುವೆಯಾಗಿ ಎರಡು ಮಕ್ಕಳಾದ ಮೇಲೆ, ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಅವರೇ ಹೇಳಿದರು: ನಮ್ಮ ಬೀದಿಯದೇ ಮನೆಗೆ ಹದಿನಾರಕ್ಕೆ ಸೊಸೆಯಾಗಿ ಬಂದವಳು, ಎರಡು ವರ್ಷ ತಡೆದುಕೊಂಡು ಆಮೇಲೆ ಬಾವಿಗೆ ಬಿದ್ದಳು. ಬಾಣಂತನದಲ್ಲಿ ತೀರಿಕೊಂಡವಳು, ಬಾವಿಗೆ ಬಿದ್ದವಳು, ಮದುವೆಯಾಗದೆ ಹೋದವಳು. ನಾನು ಕೇಳಿ ಬೆಳೆದ ದೆವ್ವಗಳಲ್ಲಿ ಹೆಚ್ಚಿನವರು ಇವರೇ. ಗಂಡನ ಚಿತೆಯೇರಿದವಳಿಗೆ ಬಳೆ ತೊಟ್ಟ ತೋಳಿನ ಮಾಸ್ತಿಕಲ್ಲು ನಿಲ್ಲಿಸಿದರು. ಮನೆಯವರ ಕಾಟಕ್ಕೆ ಬಾವಿ ಕಂಡವಳಿಗೆ ಹುಣಸೆಮರ ಕೊಟ್ಟರು. ಅವಳ ಹೆಸರನ್ನು ಮಕ್ಕಳ ಮುಂದೆ ಎತ್ತಲಿಲ್ಲ.

ಹದಿಮೂರು, ಹದಿನಾಲ್ಕರ ಮಕ್ಕಳು ದೆವ್ವದ ಕಥೆಗೆ ಏಕೆ ಮುಗಿಬೀಳುತ್ತಾರೆ ಎಂದು ಕೇಳಿದ್ದೀಯಲ್ಲ. ಅವರು ಒಳಗೆ ಬಂದೊಡನೆ ದೊಡ್ಡವರ ಮಾತು ನಿಲ್ಲುತ್ತದೆ. ಚಿಕ್ಕಮ್ಮ ಏಕೆ ತವರಿಗೆ ಬಂದು ಕುಳಿತಿದ್ದಾಳೆ, ಅಟ್ಟದ ಟ್ರಂಕಿನಲ್ಲಿರುವ ಫೋಟೊ ಯಾರದು, ಅಪ್ಪ ಆ ದಾರಿಯಲ್ಲಿ ಏಕೆ ಹೋಗುವುದಿಲ್ಲ, ಯಾರೂ ಹೇಳುವುದಿಲ್ಲ. ‘ಹೋಗಿ ಆಡಿಕೊಳ್ಳಿ’ ಎನ್ನುವ ವಯಸ್ಸು ಮುಗಿದಿದೆ, ಕೂರಿಸಿಕೊಂಡು ಹೇಳುವ ವಯಸ್ಸು ಬಂದಿಲ್ಲ. ಮನೆ ಮುಚ್ಚಿಟ್ಟ ಮಾತು ಎದ್ದು ಓಡಾಡುವುದು ದೆವ್ವದ ಕಥೆಯಲ್ಲಿ ಮಾತ್ರ. ಹೆದರಿಕೆಯ ರುಚಿಯೂ ಇದೆ, ಇಲ್ಲವೆನ್ನುವುದಿಲ್ಲ. ಕಂಬಳಿಯೊಳಗೆ ಟಾರ್ಚ್ ಹಿಡಿದು ಓದುವ ಸುಖ ನನಗೂ ಗೊತ್ತು. ಆದರೆ 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಎಷ್ಟೋ ಹಳ್ಳಿಗಳಲ್ಲೂ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಆ ದೆವ್ವವನ್ನು ನೆನೆದುಕೋ. ಅದಕ್ಕೆ ಕೋರೆಹಲ್ಲು ಬೇಕಾಗಿರಲಿಲ್ಲ. ರಾತ್ರಿ ಬಾಗಿಲು ಬಡಿದು ಮನೆಯವರ ದನಿಯಲ್ಲೇ ಕರೆಯುತ್ತದೆ ಎನ್ನುತ್ತಿದ್ದರು. ಅಮ್ಮನ ದನಿಯನ್ನೇ ನಂಬುವ ಹಾಗಿಲ್ಲ ಎಂದರೆ ಆ ವಯಸ್ಸಿನ ಮಗು ಇನ್ನೆಲ್ಲಿಗೆ ಹೋಗಬೇಕು? ಮೈ ನಡುಗಿಸುವುದು ಅದು, ಗೆಜ್ಜೆಯಲ್ಲ.

ನೀನು ಹುಟ್ಟಿದ ತುಳುಸೀಮೆಯವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಚಿಕ್ಕಂದಿನಲ್ಲೇ ತೀರಿಕೊಂಡ ಮಗು ಅಲ್ಲೆಲ್ಲೋ ಬೆಳೆಯುತ್ತಲೇ ಇದೆ, ಪ್ರಾಯಕ್ಕೆ ಬಂದಿದೆ ಎಂದು ಲೆಕ್ಕವಿಟ್ಟು, ಹಾಗೆಯೇ ಹೋದ ಇನ್ನೊಂದು ಮನೆಯ ಮಗುವಿನೊಡನೆ ಕುಲೆ ಮದಿಮೆ, ಅಂದರೆ ಸತ್ತವರ ಮದುವೆ, ಮಾಡುತ್ತೀರಿ. 2024ರಲ್ಲಿ ಪುತ್ತೂರಿನ ಕುಟುಂಬವೊಂದು, 30 ವರ್ಷಗಳ ಹಿಂದೆ ತೀರಿಕೊಂಡ ಮಗಳಿಗೆ ಅಷ್ಟೇ ವರ್ಷಗಳ ಹಿಂದೆ ತೀರಿಕೊಂಡ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ನಕ್ಕವರಿದ್ದಾರೆ. ನನಗೆ ಕಣ್ಣು ತುಂಬಿತು. ಮೂವತ್ತು ವರ್ಷ ಆ ತಾಯಿ ಮಗಳ ವಯಸ್ಸು ಎಣಿಸುತ್ತಲೇ ಇದ್ದಿರಬೇಕು. ಇಂಥ ನೆಲದಲ್ಲಿ ಹುಟ್ಟಿ ನೀನು ಸಿನಿಮಾದ ಮೋಹಿನಿಯನ್ನು ಎರವಲು ತರುತ್ತೀಯ!

ಇನ್ನೊಂದು. ಮಂತ್ರವಾದಿ ಬೇವಿನ ಬರಲಿನಿಂದ ಹೊಡೆದು ಹುಡುಗಿಯ ಮೈಮೇಲಿನ ದೆವ್ವ ಬಿಡಿಸುವ ಅಧ್ಯಾಯವನ್ನು ಹರಿದು ಹಾಕು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು 2017ರ ಕಾಯ್ದೆಯಂತೆ ನಮ್ಮ ರಾಜ್ಯದಲ್ಲಿ ಅಪರಾಧ. ಆ ಕಾಯ್ದೆ ಬರುವ ಮುಂಚೆ ಅಂಥ ಪೆಟ್ಟು ತಿಂದ ಒಬ್ಬಳನ್ನು ನಾನು ಬಲ್ಲೆ, ಅವಳಿಗೆ ಯಾವ ದೆವ್ವವೂ ಬಿಡಲಿಲ್ಲ. ಉಪನ್ಯಾಸಕರ ಮಾತಿನಲ್ಲಿ ನಿಜವಿರುವುದು ಇಲ್ಲಿ ಮಾತ್ರ.

ಈಗ ನನ್ನ ತಪ್ಪು ಹೇಳುತ್ತೇನೆ. ಮೂವತ್ತರ ಆಸುಪಾಸಿನಲ್ಲಿ ಮಕ್ಕಳಿಗೆಂದು ಒಂದು ದೆವ್ವದ ಕಥೆ ಬರೆದೆ. ಬಾವಿಕಟ್ಟೆಯ ಮೇಲೆ ರಾತ್ರಿ ಬಂದು ಕೂರುವ ಹುಡುಗಿಯ ಕಥೆ. ಸಂಪಾದಕರು ಮೂಢನಂಬಿಕೆ ಬೆಳೆಯುತ್ತದೆ, ಕೊನೆ ಬದಲಿಸಿ ಎಂದರು. ಪ್ರಕಟವಾಗುವ ಆಸೆಗೆ ಒಪ್ಪಿಕೊಂಡೆ. ಕೊನೆಯ ಪುಟದಲ್ಲಿ ಅದು ಗೂಬೆಯಾಯಿತು, ಮಕ್ಕಳೆಲ್ಲ ನಕ್ಕರು. ಬಹುಮಾನವೂ ಬಂತು. ಒಂದು ತಿಂಗಳ ನಂತರ ಇನ್‌ಲ್ಯಾಂಡ್ ಪತ್ರವೊಂದು ಬಂತು, ಏಳನೆಯ ತರಗತಿಯ ಹುಡುಗನ ದುಂಡನೆಯ ಅಕ್ಷರ. ಅವರ ಮನೆಯ ಬಾವಿಯಲ್ಲಿ ಅವನ ಅಕ್ಕ ಹೋಗಿದ್ದಳು. ಮನೆಯಲ್ಲಿ ಯಾರೂ ಅವಳ ಮಾತೆತ್ತುವುದಿಲ್ಲವಂತೆ. ‘ನಿಮ್ಮ ಕಥೆ ಓದುವಾಗ ಅಕ್ಕನೇ ಬಂದಳು ಎಂದುಕೊಂಡಿದ್ದೆ. ಅದು ಗೂಬೆ ಆದರೆ ಅಕ್ಕ ಎಲ್ಲಿದ್ದಾಳೆ?’

ನಾನು ಉತ್ತರ ಬರೆಯಲಿಲ್ಲ. ಏನು ಬರೆಯಬೇಕೆಂದು ತಿಳಿಯಲಿಲ್ಲ, ಆಮೇಲೆ ನಾಚಿಕೆಯಾಯಿತು, ಆಮೇಲೆ ವಿಳಾಸವೂ ಕಳೆಯಿತು. ನಾನು ದೆವ್ವವನ್ನು ನಂಬಿದವಳಲ್ಲ, ಇಂದಿಗೂ ನಂಬುವುದಿಲ್ಲ. ಆದರೆ ದೆವ್ವವಿಲ್ಲ ಎನ್ನುವುದೇ ಬೇರೆ, ಸತ್ತವಳು ಇರಲೇ ಇಲ್ಲ ಎನ್ನುವುದೇ ಬೇರೆ. ಆ ಹುಡುಗನಿಗೆ ನಾನು ಎರಡನೆಯದನ್ನು ಹೇಳಿದ್ದೆ. ನಿನ್ನ ಕೊನೆಯ ಅಧ್ಯಾಯದಲ್ಲಿ ಎಲ್ಲವೂ ಕಾವಲುಗಾರನ ಕಿತಾಪತಿ ಎಂದು ಬಯಲಾದಾಗ ಈ ಪತ್ರವೇ ನೆನಪಾಗಿ ರಾತ್ರಿ ನಿದ್ದೆ ಬರಲಿಲ್ಲ.

ಮತ್ತೆ ಬರೆಯಲು ಕೂರುವ ಮೊದಲು ನನಗೊಂದು ಪುಟ ಕಳುಹಿಸು. ಕಥೆ ಬೇಡ. 18ನೆಯ ನಂಬರಿನವಳ ಹೆಸರೇನು, ಅವಳ ಮಂಚ ಕಿಟಕಿಯ ಕಡೆಗಿತ್ತೋ ಗೋಡೆಯ ಕಡೆಗಿತ್ತೋ, ಯಾವ ಪಾಠ ಕಂಡರೆ ಆಗುತ್ತಿರಲಿಲ್ಲ, ಮನೆಗೆ ಫೋನ್ ಮಾಡಿದಾಗ ಯಾರೊಡನೆ ಹೆಚ್ಚು ಹೊತ್ತು ಮಾತನಾಡುತ್ತಿದ್ದಳು. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುತ್ತೇವೆ. ಅವಳ ತಾಯಿ ಎಡೆ ಇಡುವುದಾದರೆ ಎಲೆಯ ಮೇಲೆ ಏನಿರುತ್ತದೆ, ಅದನ್ನೂ ಬರೆ.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳತಿ